ಉಪಪ್ರಧಾನಿ: ಹುದ್ದೆ ಒಂದು, ತೂಕ ಇನ್ನೊಂದು



1979ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಶ್ವೇತಭವನದಲ್ಲಿ ಚೀನಾದ ಡೆಂಗ್ ಷಿಯಾವೊಪಿಂಗ್ ಅವರನ್ನು ಬರಮಾಡಿಕೊಂಡರು. ಆಗ ಡೆಂಗ್ ಅವರ ಹುದ್ದೆ ಏನು ಗೊತ್ತೆ? ಬರೀ ಉಪಪ್ರಧಾನಿ. ಪ್ರಧಾನಿ ಹುವಾ ಗುವೊಫೆಂಗ್. ಆದರೂ ದೇಶದ ದಿಕ್ಕು ಬದಲಿಸಿದವರು ಡೆಂಗ್. ಇದೇ ಹುದ್ದೆ 1976ರ ಏಪ್ರಿಲ್‌ನಲ್ಲಿ ಅವರನ್ನು ಕಾಪಾಡಿರಲಿಲ್ಲ. ಪಕ್ಷ ಮುನಿದಾಗ ಕುರ್ಚಿಯೂ ಹೋಗಿತ್ತು.

ಚೀನಾದ 1982ರ ಸಂವಿಧಾನದ ಪ್ರಕಾರ ಉಪಪ್ರಧಾನಿಗಳ ಹೆಸರನ್ನು ಪ್ರಧಾನಿ ಸೂಚಿಸುತ್ತಾರೆ, ರಾಷ್ಟ್ರೀಯ ಜನ ಕಾಂಗ್ರೆಸ್ ಒಪ್ಪುತ್ತದೆ. ಸತತ ಎರಡು ಅವಧಿ ಮೀರುವಂತಿಲ್ಲ. 2023ರ ಮಾರ್ಚ್‌ನಲ್ಲಿ ನಾಲ್ವರು ನೇಮಕಗೊಂಡರು. ಕೆಲಸ ಹಂಚಿಕೆಯಾಗಿರುತ್ತದೆ: ಒಬ್ಬರಿಗೆ ಹಣಕಾಸು, ಇನ್ನೊಬ್ಬರಿಗೆ ಕೃಷಿ, ಹೀಗೆ.

ಆದರೆ ನಾಲ್ವರೂ ಸಮಾನರಲ್ಲ. ಅಂದು ಕಮ್ಯುನಿಸ್ಟ್ ಪಕ್ಷದ ಏಳು ಮಂದಿಯ ಪಾಲಿಟ್‌ಬ್ಯೂರೊ ಸ್ಥಾಯಿ ಸಮಿತಿಯಲ್ಲಿದ್ದವರು ಡಿಂಗ್ ಷುಯೆಷಿಯಾಂಗ್ ಒಬ್ಬರೇ. ಹಾಗಾಗಿ ಅವರೇ ಮೊದಲಿಗರು.

ಝು ರೋಂಗ್‌ಜಿ, ವೆನ್ ಜಿಯಾಬಾವೊ, ಲಿ ಕೆಕಿಯಾಂಗ್ ಮೂವರೂ ಉಪಪ್ರಧಾನಿಯಾಗಿ ಪಳಗಿ ಪ್ರಧಾನಿಯಾದವರು. 2023ರಲ್ಲಿ ಲಿ ಕಿಯಾಂಗ್ ಆ ಮೆಟ್ಟಿಲು ತುಳಿಯದೆಯೇ ಪ್ರಧಾನಿಯಾದರು; ಅವರು ಅದಕ್ಕೂ ಮುನ್ನ ಶಾಂಘೈಯಲ್ಲಿ ಪಕ್ಷದ ಕಾರ್ಯದರ್ಶಿಯಾಗಿದ್ದವರು.

ಆದ್ದರಿಂದ ಚೀನಾದ ಸುದ್ದಿ ಓದುವಾಗ ಬಾಗಿಲ ಮೇಲಿನ ನಾಮಫಲಕ ನೋಡಿದರೆ ಸಾಲದು. ಪಕ್ಷದ ಪಂಕ್ತಿಯಲ್ಲಿ ಅವರ ಎಲೆ ಎಲ್ಲಿದೆ ಎಂಬುದನ್ನೂ ನೋಡಬೇಕು.