ಲಾಟರಿ ಅಂಗಡಿ ಮುಚ್ಚಿತು, ಜೂಜು ಕಿಸೆಗೆ ಬಂತು

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ಕನ್ನಡದ ಸಭೆಯಲ್ಲಿ ಲಾಟರಿಯ ಮಾತೇಕೆ ಎಂದು ನೀವು ಕೇಳಬಹುದು. ಬೋರ್ಡಿನ ಮೇಲೆ ಕನ್ನಡ ಬೇಕೆಂದು ಹೋರಾಡುವ ನಾವು, ಕನ್ನಡಿಗನ ದುಡಿಮೆಯ ಹಣ ಎಲ್ಲಿಗೆ ಹರಿದು ಹೋಗುತ್ತಿದೆ ಎಂಬುದನ್ನೂ ಕೇಳಬೇಕು.

ಲಾಟರಿಯನ್ನು ಬೀದಿಗೆ ತಂದವರು ಕಳ್ಳರಲ್ಲ, ಸರ್ಕಾರಗಳು. 1967ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ಇಲಾಖೆಯನ್ನೇ ತೆರೆಯಿತು. 1968ರ ಜನವರಿ 26ರಂದು ಮೊದಲ ಡ್ರಾ. ಟಿಕೆಟ್ಟಿಗೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. 1969ರಲ್ಲಿ ಮಹಾರಾಷ್ಟ್ರ ಶುರು ಮಾಡಿತು. ನಮ್ಮ ಸರ್ಕಾರವೂ ಅದೇ ದಾರಿ ಹಿಡಿಯಿತು. ತೆರಿಗೆ ಹಾಕಿದರೆ ಜನ ಬೈಯುತ್ತಾರೆ. ಲಾಟರಿ ಮಾರಿದರೆ ಸಾಲು ನಿಂತು ತಾವೇ ಕೊಡುತ್ತಾರೆ. ಗುಟ್ಟು ಇಷ್ಟೇ!

1998ರಲ್ಲಿ ಕೇಂದ್ರ ಸರ್ಕಾರ ಲಾಟರಿ ನಿಯಂತ್ರಣ ಕಾಯ್ದೆ ತಂದಿತು. ಒಂಟಿ ಅಂಕಿಯ ಮೇಲೆ ಬಹುಮಾನ ಕೂಡದು, ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ ಎಂದಿತು. ಅದಕ್ಕೂ ದಾರಿ ಸಿಕ್ಕಿತು: ಪ್ರತಿ ದಿನಕ್ಕೊಂದು ಬೇರೆ ಹೆಸರಿನ ಲಾಟರಿ!

2000ದ ನಂತರ ಆನ್‌ಲೈನ್ ಲಾಟರಿ ಬಂತು. ಅಂಗಡಿಯಲ್ಲಿ ಒಂದು ಯಂತ್ರ, ಅದರ ತಂತಿ ದೂರದ ಕಂಪ್ಯೂಟರಿಗೆ. ಸಿಕ್ಕಿಂ ಸರ್ಕಾರದ ಹೆಸರಿನಲ್ಲಿ ನಡೆದ ಪ್ಲೇವಿನ್‌ನ ಒಂದು ಆಟದಲ್ಲಿ 49 ಅಂಕಿಗಳಲ್ಲಿ 6 ಆರಿಸಬೇಕಿತ್ತು. ಸುಲಭ ಅನ್ನಿಸುತ್ತದೆ, ಅಲ್ಲವೇ? ಲೆಕ್ಕ ಹಾಕಿ ನೋಡಿ. ಆರು ಅಂಕಿಗಳ ಇಂಥ ಜೋಡಣೆಗಳು 1,39,83,816. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಸುಮಾರು 47 ಲಕ್ಷ 80 ಸಾವಿರ. ಇಂಥ ಹೆಚ್ಚುಕಡಿಮೆ ಮೂರು ಜಿಲ್ಲೆಗಳ ಮಕ್ಕಳು ಮುದುಕರೆಲ್ಲ ಒಂದೊಂದು ಬೇರೆ ಬೇರೆ ಟಿಕೆಟ್ ಕೊಂಡರೆ, ಮೊದಲ ಬಹುಮಾನ ಒಬ್ಬರಿಗೆ!

ಹೊರರಾಜ್ಯದ ಲಾಟರಿಯನ್ನಷ್ಟೇ ತಡೆದು ನಮ್ಮದನ್ನು ಇಟ್ಟುಕೊಳ್ಳಲಾಗಲಿಲ್ಲವೇ? ಆಗಲಿಲ್ಲ. ತನ್ನ ಲಾಟರಿ ನಡೆಸುವ ರಾಜ್ಯ ಇನ್ನೊಬ್ಬರದನ್ನು ನಿಷೇಧಿಸುವಂತಿಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಹೀಗಾಗಿ ಕುಮಾರಸ್ವಾಮಿಯವರ ಸರ್ಕಾರವಿದ್ದಾಗ, 2007ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಎಲ್ಲ ಲಾಟರಿಗಳೂ ಬಂದ್ ಆದವು. ಒಳ್ಳೆಯ ಕೆಲಸ. ಆದರೆ ಚಟ ಬಂದ್ ಆಯಿತೇ?

ಓಸಿ ಉಳಿದಿದೆ. ಓಸಿ ಎಂದರೆ ಓಪನ್, ಕ್ಲೋಸ್. ಬೈಲಹೊಂಗಲದ ಹತ್ತಿ ಬೆಳೆಗಾರರೇ, ಇದರ ಮೂಲ ನಿಮ್ಮ ಹತ್ತಿಯಲ್ಲೇ ಇದೆ. ನ್ಯೂಯಾರ್ಕಿನಿಂದ ಮುಂಬಯಿಗೆ ಬರುತ್ತಿದ್ದ ಹತ್ತಿಯ ಆರಂಭದ ಮತ್ತು ಮುಕ್ತಾಯದ ದರದ ಮೇಲೆ ಬಾಜಿ ಕಟ್ಟುತ್ತಿದ್ದರು. 1960ರ ದಶಕದಲ್ಲಿ ದರ ಹೋಗಿ ಮಡಕೆಯ ಚೀಟಿ ಬಂತು, ಹೆಸರು ಮಟ್ಕಾ ಆಯಿತು. ಹತ್ತು ಅಂಕಿಗಳ ಮೇಲೆ ಹತ್ತು ಜನ ತಲಾ 10 ರೂಪಾಯಿ ಕಟ್ಟಿದರೆ 100. ಒಂದಕ್ಕೆ ಒಂಬತ್ತು ಕೊಟ್ಟರೂ ಗೆದ್ದವನಿಗೆ 90. ಉಳಿದ 10 ಬುಕ್ಕಿಯ ಮನೆಗೆ, ದಿನಾಲೂ! ರಾಮದುರ್ಗದ ನೇಕಾರ ದಿನಕ್ಕೆ 20 ರೂಪಾಯಿ ಕಳೆದರೆ ವರ್ಷಕ್ಕೆ 7,300. ಮಗಳ ಕಾಲೇಜು ಫೀ ಎಲ್ಲಿಂದ ಬರಬೇಕು?

ಈಗ ಜೂಜು ಮೊಬೈಲಿಗೂ ಬಂದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೂ ವಂಚಕರು ನಿಂತಿಲ್ಲ. ಕೇರಳ ಲಾಟರಿಯನ್ನು ಫೋನಿನಲ್ಲೇ ಕೊಡುತ್ತೇವೆ ಎನ್ನುತ್ತಾರೆ. ಕೇರಳ ಸರ್ಕಾರ ಮಾರುವುದು ಕಾಗದದ ಟಿಕೆಟ್ ಮಾತ್ರ, ಆನ್‌ಲೈನಿನಲ್ಲಿ ಮಾರುವುದೇ ಇಲ್ಲ. ಕೊಳ್ಳದ ಟಿಕೆಟ್ಟಿಗೆ 25 ಲಕ್ಷ ಬಂದಿದೆ, ಮೊದಲು ಶುಲ್ಕ ಕಟ್ಟಿ ಎಂದರೆ ಅದು ಮೋಸವೇ.

ಇಲ್ಲಿದೆ ಭಾಷೆಯ ಪ್ರಶ್ನೆ. ಆಸೆ ಹುಟ್ಟಿಸುವ ಜಾಹೀರಾತು ಅಚ್ಚ ಕನ್ನಡದಲ್ಲಿ, ಕೊರಳಿಗೆ ಬೀಳುವ ಷರತ್ತು ಇಂಗ್ಲಿಷಿನಲ್ಲಿ! ದೋಚುವವನಿಗೆ ಕನ್ನಡ ಬರುತ್ತದೆ, ಕಾಪಾಡಬೇಕಾದ ಕಾನೂನಿಗೆ ಬರುವುದಿಲ್ಲ ಎಂದರೆ ಹೇಗೆ?

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

ಒಂದು, ಈ ಕಾಯ್ದೆಗಳ ಸಾರವನ್ನು ತಿಳಿಗನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಗ್ರಾಮ ಪಂಚಾಯಿತಿಗೆ ಕಳಿಸಬೇಕು. ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ, ಕಿತ್ತೂರು ಉತ್ಸವದಲ್ಲಿ ಕನ್ನಡದ ಎಚ್ಚರಿಕೆ ಫಲಕ ನಿಲ್ಲಿಸಬೇಕು.

ಎರಡು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ ಕನ್ನಡಿಗನಿಗೆ ಕನ್ನಡದಲ್ಲೇ ಉತ್ತರ ಸಿಗಬೇಕು.

ಮೂರು, ಪೊಲೀಸರು ಓಸಿ ಚೀಟಿ ಬರೆಯುವ ಹುಡುಗನನ್ನು ಹಿಡಿದು ಕೈ ತೊಳೆದುಕೊಳ್ಳದೆ, ಬರೆಸುವವನನ್ನು ಹಿಡಿಯಬೇಕು.

ನಾಲ್ಕು, ಖಜಾನೆ ಖಾಲಿ ಎಂಬ ನೆಪದಲ್ಲಿ ಯಾವ ಸರ್ಕಾರವೂ ಲಾಟರಿಯನ್ನು ಮತ್ತೆ ತರಕೂಡದು.

ಬಂಧುಗಳೇ, ಮನವಿ ಪತ್ರವನ್ನು ನಾಲ್ಕೂ ತಹಶೀಲ್ದಾರ್ ಕಚೇರಿಗಳಿಗೆ ಕೊಡೋಣ. ಅದಕ್ಕೂ ಮೊದಲು ನಿಮ್ಮ ಓಣಿಯ ಹುಡುಗರನ್ನು ಕೂಡಿಸಿ ಈ ಲೆಕ್ಕ ಹೇಳಿ. ಜೂಜು ಆಡಿಸುವವನು ಬಯಸುವುದು ಲೆಕ್ಕ ಬಾರದ ಜನರನ್ನು. ನಾವು ಅಂಥ ಜನರಲ್ಲ ಎಂದು ತೋರಿಸೋಣ.

ಜೈ ಕರ್ನಾಟಕ!