ಏರುವ ಸಂಬಳ ನಂಬಿ ಮನೆ ಸಾಲ
(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ಸಾಲದ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಸಾಲ ಕೊಡುವ ಸಂಘದವರಾದ ನಾವೇ ಅದನ್ನು ಆಡದಿದ್ದರೆ ಬೇರೆ ಯಾರು ಆಡಬೇಕು? ಈಗ ನಮ್ಮ ಮಕ್ಕಳು ಮೇಷ್ಟ್ರಾಗಿದ್ದಾರೆ, ಪೊಲೀಸರಾಗಿದ್ದಾರೆ, ಬೆಂಗಳೂರಿನ ಕಂಪನಿ ಸೇರಿದ್ದಾರೆ. ಅವರು ಮನೆ ಅಡಮಾನದ ಸಾಲಕ್ಕೆ ಹೊರಟಾಗ ಎಷ್ಟೋ ಕಡೆ ಜಾಮೀನಿಗೆ ರುಜು ಹಾಕುವವರು ನಾವೇ. ಆದ್ದರಿಂದ ಈ ಲೆಕ್ಕ ನಮಗೂ ಗೊತ್ತಿರಬೇಕು.

"ಮುಂದೆ ಸಂಬಳ ಏರುತ್ತಲ್ಲಪ್ಪಾ, ಈಗ ಸ್ವಲ್ಪ ಬಿಗಿಯಾದರೂ ಪರವಾಗಿಲ್ಲ" ಅನ್ನುತ್ತಾರೆ ಮಕ್ಕಳು. ಈ ಮಾತು ಪೂರ್ತಿ ಸುಳ್ಳಲ್ಲ. ಬಡ್ಡಿ ದರ ಬದಲಾಗದಿದ್ದರೆ ಕಂತು ಅಷ್ಟೇ ಇರುತ್ತದೆ, ಸಂಬಳ ಏರಿದಂತೆ ಭಾರ ಇಳಿಯುತ್ತದೆ. ಆದರೆ ಎರಡು ವಿಷಯ ನೋಡಬೇಕು.

ಒಂದು, ಕಾಗದದ ಏರಿಕೆಯೆಲ್ಲ ಕೈಗೆ ಬರುವುದಿಲ್ಲ. ರಾಜ್ಯದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ಹತ್ತು ಸಾವಿರ ಏರಿತು ಅನ್ನಿಸುತ್ತದೆ. ಆದರೆ ಅದರಲ್ಲಿ ಶೇಕಡಾ 31ರ ತುಟ್ಟಿಭತ್ಯೆ, ಅಂದರೆ 5,270 ರೂಪಾಯಿ, ಮೊದಲೇ ಬರುತ್ತಿದ್ದದ್ದು ಮೂಲವೇತನದೊಳಗೆ ಸೇರಿದ್ದು. ಏರಿಕೆ ನಿಲ್ಲುವುದೂ ಉಂಟು. 2020ರಲ್ಲಿ ಕೊರೋನಾ ಬಂದಾಗ ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆಯ ಮೂರು ಕಂತು ನಿಂತವು.

ಎರಡು, ಬಡ್ಡಿಯೂ ಏರುತ್ತದೆ. ರಿಸರ್ವ್ ಬ್ಯಾಂಕಿನ ರೆಪೋ ದರ 2022ರ ಮೇ ತಿಂಗಳಿಗೆ ಮುಂಚೆ ಶೇಕಡಾ 4 ಇದ್ದದ್ದು 2023ರ ಫೆಬ್ರವರಿಗೆ 6.5 ಆಯಿತು. 20 ವರ್ಷದ 10 ಲಕ್ಷ ಸಾಲಕ್ಕೆ ಶೇಕಡಾ 7ರ ಬಡ್ಡಿಯಲ್ಲಿ ತಿಂಗಳ ಕಂತು 7,753 ರೂಪಾಯಿ, ಅದೇ 9.5 ಆದರೆ 9,321. ಬ್ಯಾಂಕು ಕಂತು ಏರಿಸದೆ ವರ್ಷ ಎಳೆದರೂ ಬಡ್ಡಿ ತಪ್ಪುವುದಿಲ್ಲ.

ನಮ್ಮ ಸಂಘದಲ್ಲಿ ಬೆಳೆಸಾಲ ಕೊಡುವಾಗ ಯಾವ ಬೆಳೆ, ಎಷ್ಟು ಎಕರೆ ಅಂತ ನೋಡುತ್ತೇವೆ. ಮುಂದಿನ ವರ್ಷ ಟೊಮೇಟೊ ರೇಟು ಏರುತ್ತೆ ಅಂತ ಯಾರಿಗೂ ಹೆಚ್ಚು ಕೊಡುವುದಿಲ್ಲ. ಮನೆ ಸಾಲಕ್ಕೂ ಅದೇ ನ್ಯಾಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು.

ಹಾಗಾದರೆ ಸಂಬಳ ಏರಿದ್ದು ಯಾತಕ್ಕೆ? ಸಾಲ ಬೇಗ ತೀರಿಸುವುದಕ್ಕೆ. ಶೇಕಡಾ 9ರಲ್ಲಿ 10 ಲಕ್ಷ, 20 ವರ್ಷಕ್ಕೆ ಕಂತು 8,997. ಮೊದಲ ತಿಂಗಳು ಅದರಲ್ಲಿ 7,500 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 1,497 ಮಾತ್ರ. ಇದನ್ನೇ ವರ್ಷ ವರ್ಷ ಶೇಕಡಾ 5ರಷ್ಟು ಏರಿಸುತ್ತಾ ಕಟ್ಟಿದರೆ ಸಾಲ ಸುಮಾರು 12 ವರ್ಷಕ್ಕೇ ತೀರುತ್ತದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಆದ್ದರಿಂದ ಮಗನೋ ಮಗಳೋ ಅರ್ಜಿ ತಂದಾಗ ಬೇಡ ಅನ್ನಬೇಡಿ. ಈ ತಿಂಗಳ ಸಂಬಳದ ಚೀಟಿ ಕೇಳಿ. ಮನೆ ಖರ್ಚು, ಮಕ್ಕಳ ಫೀಜು ಕಳೆದು ಉಳಿದದ್ದರಲ್ಲಿ ಕಂತು ಕಟ್ಟಲು ಆಗುತ್ತದಾ ಅಂತ ಕೂತು ಲೆಕ್ಕ ಹಾಕಿ. ಆಗುವುದಾದರೆ ರುಜು ಹಾಕಿ. ಆಗದಿದ್ದರೆ ಮನೆ ಒಂದು ಅಂಕಣ ಚಿಕ್ಕದಾಗಲಿ. ಅವರ ಕಂತು ತಪ್ಪಿದರೆ ನೋಟೀಸು ಬರುವುದು ಜಾಮೀನುದಾರನ ಬಾಗಿಲಿಗೆ.