ಕಾಯುತ್ತ ನಿಂತ ಹಡಗು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರಿನವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರುತ್ತೀರಿ. ನಾನು ಒಂದು ಹಡಗಿನ ಕಥೆ ಹೇಳುತ್ತೇನೆ.

1970ರ ದಶಕದ ಆರಂಭದಲ್ಲಿ ಅಮೆರಿಕದ ಕ್ವಿನ್ಸಿ ಎಂಬಲ್ಲಿ 'ಟಿಲ್ಲಿ ಲೈಕ್ಸ್' ಎಂಬ ಹಡಗು ಕಟ್ಟಿದರು. ಉದ್ದ 875 ಅಡಿ. ದೊಡ್ಡ ಹಡಗು ಆಳವಿಲ್ಲದ ನದಿಯೊಳಗೆ ಹೋಗಲಾರದು. ಆದ್ದರಿಂದ ಇದು ಸರಕು ತುಂಬಿದ ಬಾರ್ಜುಗಳನ್ನೇ, ಅಂದರೆ ಚಪ್ಪಟೆ ತಳದ ದೋಣಿಗಳನ್ನೇ ಹೊರುತ್ತಿತ್ತು, ಒಟ್ಟು 38. ಹಿಂಭಾಗದಲ್ಲಿ 2000 ಟನ್ ಎತ್ತುವ ಲಿಫ್ಟ್. ಅದು ನೀರಿಗಿಳಿದು ಎರಡೆರಡು ಬಾರ್ಜುಗಳನ್ನು ಮೇಲಕ್ಕೆತ್ತುತ್ತಿತ್ತು. ಆಚೆ ದಡದ ಬಂದರಿನಲ್ಲಿ ಇಳಿಸಿದರೆ ಅವು ಅಲ್ಲಿನ ನದಿ ಹಿಡಿದು ಒಳನಾಡಿಗೆ ಹೋಗುತ್ತಿದ್ದವು.

ಉಪಾಯ ಚೆನ್ನಾಗಿತ್ತು. ಆದರೆ ಕಂಟೇನರ್ ಹಡಗುಗಳು ಗೆದ್ದವು. 1980ರ ದಶಕದಲ್ಲಿ ಇದು ಅಮೆರಿಕ ಸರ್ಕಾರದ ಮೀಸಲು ಪಡೆ ಸೇರಿ 'ಕೇಪ್ ಮೊಹಿಕನ್' ಆಯಿತು. ಅಲ್ಲಿಂದ ಅದರ ಕೆಲಸ ಕಾಯುವುದಾಗಿತ್ತು. ಕರೆ ಬಂದರೆ ಕೆಲವೇ ದಿನಗಳಲ್ಲಿ ಹೊರಡಬೇಕಿತ್ತು.

ನಿಂತ ಹಡಗು ಸುಮ್ಮನಿರುವುದಿಲ್ಲ, ತುಕ್ಕು ಹಿಡಿಯುತ್ತದೆ. 1990ರಲ್ಲಿ ಕೊಲ್ಲಿ ಯುದ್ಧಕ್ಕಾಗಿ ಮೀಸಲು ಹಡಗುಗಳನ್ನು ಕರೆದಾಗ ಹಲವು ಗಡುವಿಗೆ ಸಿದ್ಧವಾಗಲೇ ಇಲ್ಲ. ಹಳೆಯ ಉಗಿ ಎಂಜಿನ್ ನಡೆಸಬಲ್ಲ ಕೈಗಳೂ ಸಾಲಲಿಲ್ಲ. ಆಮೇಲೆ ಅನೇಕ ಹಡಗುಗಳಲ್ಲಿ ಸಣ್ಣ ಸಿಬ್ಬಂದಿಯನ್ನು ಕಾಯಂ ಇಟ್ಟರು. ಇಷ್ಟಾದರೂ 1996ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದುರಸ್ತಿಗೆ ನಿಂತಿದ್ದ ಕೇಪ್ ಮೊಹಿಕನ್‌ನ ಒಂದು ವಾಲ್ವ್ ತಪ್ಪಿ ತೆರೆದು, ಸುಮಾರು ಒಂದೂವರೆ ಲಕ್ಷ ಲೀಟರ್ ತೈಲ ಕೊಲ್ಲಿಯ ನೀರು ಸೇರಿತು.

ಈ ಕಥೆ ನನಗೆ ಏಕೆ ತಟ್ಟಿತು ಗೊತ್ತೇ? ಒಮ್ಮೆ ನಮ್ಮ ಕಂಪನಿಯ ಮುಖ್ಯ ಸರ್ವರ್ ಕೆಟ್ಟಿತು. ಮೀಸಲು ಸರ್ವರ್ ಇತ್ತು, ಹಸಿರು ದೀಪವೂ ಉರಿಯುತ್ತಿತ್ತು. ಆದರೆ ಎರಡು ವರ್ಷದಿಂದ ಯಾರೂ ಅದರ ಮೇಲೆ ಕೆಲಸ ಹಾಕಿ ಪರೀಕ್ಷಿಸಿರಲಿಲ್ಲ. ಪರೀಕ್ಷಿಸಬೇಕಾದವನು ನಾನೇ. ಆ ರಾತ್ರಿ ಅದು ಕೈಕೊಟ್ಟಿತು.

ಆಗ ನೆನಪಾದವರು ನಮ್ಮ ಶಾಲೆಯ ಅಟೆಂಡರ್ ಅಣ್ಣ. ಬೇಸಿಗೆ ರಜೆಯಲ್ಲೂ ವಾರಕ್ಕೊಮ್ಮೆ ಬಂದು ಬೋರ್‌ವೆಲ್ ಪಂಪನ್ನು ಹತ್ತು ನಿಮಿಷ ಓಡಿಸಿ ಹೋಗುತ್ತಿದ್ದರು. "ಮಕ್ಕಳೇ ಇಲ್ಲವಲ್ಲ, ಯಾಕಣ್ಣ?" ಎಂದರೆ, "ಸುಮ್ಮನೆ ಬಿಟ್ರೆ ಮೋಟ್ರು ಜಾಮಾಗುತ್ತೆ ಮಗಾ" ಎನ್ನುತ್ತಿದ್ದರು. ಎಂಜಿನಿಯರಿಂಗ್‌ನ ಆ ಪಾಠ ನನಗೆ ಮೊದಲು ಸಿಕ್ಕಿದ್ದು ಇಲ್ಲೇ.

ನಿನ್ನೆ ಕಂಪ್ಯೂಟರ್ ಕೊಠಡಿ ನೋಡಿದೆ. ಹಳೆಯ ವಿದ್ಯಾರ್ಥಿಗಳಾದ ನಾವೇ ಕೊಟ್ಟ ಹತ್ತು ಕಂಪ್ಯೂಟರುಗಳು ಬಟ್ಟೆ ಹೊದ್ದು ನಿಂತಿವೆ. ಯುಪಿಎಸ್ ಬ್ಯಾಟರಿ ಸತ್ತಿದೆ. ತಪ್ಪು ಶಾಲೆಯದಲ್ಲ. ಕೊಟ್ಟು, ಫೋಟೊ ತೆಗೆಸಿಕೊಂಡು, ಹೋದವರು ನಾವು.

ಸುವರ್ಣ ಮಹೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟುವ ಮಾತು ನಡೆದಿದೆ. ಕಟ್ಟೋಣ. ಅದಕ್ಕೂ ಮೊದಲು ಒಂದು ನಿರ್ವಹಣಾ ನಿಧಿ ಇಡೋಣ. ಬ್ಯಾಟರಿ, ಪಂಪು, ಮಾಡಿನ ಹೆಂಚು, ಶೌಚಾಲಯದ ನಲ್ಲಿ ಇಂಥವಕ್ಕೆ ಪ್ರತಿವರ್ಷ ಬೇಕಾಗುವ ಹಣ. ಇದರ ಮೇಲೆ ಯಾರ ಹೆಸರನ್ನೂ ಕೆತ್ತಲಾಗುವುದಿಲ್ಲ, ನಿಜ. ನನ್ನ ಪಾಲನ್ನು ಇಂದೇ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ. ವರ್ಷಕ್ಕೆರಡು ಸಲ ಬಂದು ಆ ಹತ್ತೂ ಕಂಪ್ಯೂಟರುಗಳನ್ನು ಚಾಲೂ ಮಾಡಿ ನೋಡುವ ಕೆಲಸವೂ ನನ್ನದೇ.